ಹೊಟ್ಟೆ ಬಿಟ್ಟ ಕಲ್ಲುಗೋಡೆಗೆ ಬಂಧಗಲ್ಲು

ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ಹಳೆಯ ಮಾಳಿಗೆ ಮನೆಗಳ ಗೋಡೆ ಬಲು ದಪ್ಪ. ದಪ್ಪವಿದೆ, ಹಾಗಾಗಿ ಗಟ್ಟಿ ಎಂದು ನಂಬುತ್ತೇವೆ. ಆದರೆ ಅದು ಒಂದೇ ಗೋಡೆಯಲ್ಲ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದನೆಯ ಬಂಧಗಲ್ಲು ಎಷ್ಟೋ ಮನೆಗಳಲ್ಲಿ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಕುಸಿದದ್ದು ಇಂಥ ಗೋಡೆಗಳೇ. ಮಲಗಿದ್ದ ಸಾವಿರಾರು ಜನ ಆ ಕಲ್ಲು ಮಣ್ಣಿನಡಿ ಸಿಕ್ಕಿ ಸತ್ತರು.

ನಿಮ್ಮ ಗೋಡೆ ಹೇಗಿದೆ? ಗೌಂಡಿಯಿಂದ ಓಳಂಬ, ಅಂದರೆ ದಾರಕ್ಕೆ ಕಟ್ಟಿದ ತೂಗುಗುಂಡು, ಇಳಿಬಿಡಿಸಿ ನೋಡಿ. ನಡುಭಾಗ ಮುಂದೆ ಬಂದಿದ್ದರೆ ಗೋಡೆ ಹೊಟ್ಟೆ ಬಿಟ್ಟಿದೆ ಎಂದರ್ಥ. ಬಡಿದಾಗ ಪೊಳ್ಳು ಸದ್ದು ಬಂದರೂ ಅನುಮಾನಪಡಿ. ಅಡುಗೆಮನೆಯ ಹೊಗೆಗಿಂಡಿಯ ಕೆಳಗಿನ ಗೋಡೆಯನ್ನು ಮೊದಲು ನೋಡಿ. ಕಿಂಡಿಯ ಅಂಚಿನಿಂದ ಮಳೆನೀರು ಇಳಿದು ಒಳಗಿನ ಮಣ್ಣನ್ನು ಸಡಿಲಿಸುತ್ತದೆ. ಕಿಂಡಿಯ ಸುತ್ತ ಇಟ್ಟಿಗೆಯ ದಂಡೆ ಎತ್ತರಿಸಿ, ಗಚ್ಚು ಬಳಿದು, ಮುಚ್ಚಳ ಹಾಕಿಸಿ. ನೀರು ನಿಲ್ಲದೆ ಗೋಡೆ ರಿಪೇರಿ ಮಾಡಿ ಫಲವಿಲ್ಲ.

ಸಿಮೆಂಟ್ ಗಿಲಾವು ಮಾಡಿಸಿದರೆ ಸಾಲದೇ ಎಂದು ಕೇಳುವಿರಿ. ಸಾಲದು. ಗಿಲಾವು ಉಬ್ಬನ್ನು ಮುಚ್ಚುತ್ತದೆ, ಹಿಡಿಯುವುದಿಲ್ಲ. ಒಳಗಿನ ತೇವ ಹೊರಬರಲೂ ಬಿಡುವುದಿಲ್ಲ.

ಹಿಡಿಯುವ ಕೆಲಸ ಬಂಧಗಲ್ಲಿನದು. ನಿಂತ ಗೋಡೆಯಲ್ಲಿ ಅದನ್ನು ಕಾಂಕ್ರೀಟಿನಿಂದಲೇ ಎರಕ ಹೊಯ್ಯಬಹುದು. ಉದ್ದಕ್ಕೂ ಎತ್ತರಕ್ಕೂ ಸುಮಾರು ಒಂದೊಂದು ಮೀಟರಿಗೆ ಒಂದು ಜಾಗ ಗುರುತಿಸಿ. ಮೇಲಿನ ಸಾಲಿನ ಗುರುತು ಕೆಳಗಿನ ಎರಡರ ನಡುವೆ ಬರಲಿ. ಅಲ್ಲಿನ ಕಲ್ಲಿನ ಸುತ್ತ ಮಣ್ಣು ಕೆರೆದು, ಸಣ್ಣ ಹಾರೆಯಿಂದ ಮೆಲ್ಲಗೆ ಅಲ್ಲಾಡಿಸಿ, ಎರಡೂ ಕೈಯಲ್ಲಿ ಹಿಡಿದು ಹೊರತೆಗೆಯಬೇಕು. ಸುತ್ತಿಗೆಯ ಹೊಡೆತ ಬೇಡವೇ ಬೇಡ, ಪಕ್ಕದ ಕಲ್ಲುಗಳು ಸಡಿಲಾಗುತ್ತವೆ. ಆಮೇಲೆ ಒಳಗಿನ ಮಣ್ಣು ತೆಗೆಯುತ್ತ 75 ಮಿಲಿಮೀಟರ್, ಅಂದರೆ ಮೂರು ಇಂಚಿನಷ್ಟು ತೂತು ಮಾಡಿ. ಆಚೆ ಬದಿಯ ಕಲ್ಲನ್ನೂ ಹಾಗೆಯೇ ತೆಗೆಯಿರಿ. ತೂತು ಓರೆಯಾದರೂ ಚಿಂತೆಯಿಲ್ಲ. ಎರಡು ತುದಿಯಲ್ಲಿ ಅಗಲ, ನಡುವೆ ಕಿರಿದಾದರೆ ಇನ್ನೂ ಒಳ್ಳೆಯದು, ಹಿಡಿತ ಹೆಚ್ಚು. ಸಿಮೆಂಟ್ ಒಂದು, ಉಸುಕು ಎರಡು, ಖಡಿ ನಾಲ್ಕು ಪಾಲು ಕಲಸಿ ಅರ್ಧ ತುಂಬಿ. ತುದಿ ಬಾಗಿಸಿದ 8 ಮಿಲಿಮೀಟರ್ ಕಬ್ಬಿಣದ ಸಳಿ ಇಟ್ಟು ಪೂರ್ತಿ ಮುಚ್ಚಿ. ಕನಿಷ್ಠ ಹತ್ತು ದಿನ ಎರಡೂ ಬದಿಗೆ ನೀರು ಚಿಮುಕಿಸಿ.

ಒಂದು ಎಚ್ಚರಿಕೆ. ಉಬ್ಬು ತೀರಾ ಹೆಚ್ಚಿದ್ದರೆ ಈ ಉಪಾಯ ನಡೆಯದು. ತೊಲೆಗೆ ಗಟ್ಟಿ ಆಸರೆ ಕೊಟ್ಟು, ಆ ಭಾಗವನ್ನು ಮೇಲಿನಿಂದ ಬಿಚ್ಚಿ, ಬಂಧಗಲ್ಲು ಹಾಕಿಯೇ ಮತ್ತೆ ಕಟ್ಟಿಸಬೇಕು. ಹೊಸದಾಗಿ ಕಟ್ಟುವಾಗ ಪ್ರತಿ ಎರಡು ಅಡಿ ಎತ್ತರಕ್ಕೆ ಒಂದು ಸಾಲು, ಸಾಲಿನಲ್ಲಿ ನಾಲ್ಕು ಅಡಿಯೊಳಗೆ ಒಂದೊಂದು ಬಂಧಗಲ್ಲು ಇರಲಿ.

ಮಾಳಿಗೆಯ ಭಾರವನ್ನೂ ಇಳಿಸಿ. ಸೋರಿದಾಗಲೆಲ್ಲ ಹೊಸ ಮಣ್ಣು ಹೊರಿಸುವುದು ನಮ್ಮ ರೂಢಿ. ಒಂದು ಚದರ ಮೀಟರಿನಲ್ಲಿ ಒಂದು ಅಡಿ ಮಣ್ಣು ಸುಮಾರು ಅರ್ಧ ಟನ್ ತೂಗುತ್ತದೆ! ಎಂಟು ಇಂಚು ಉಳಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರಿಕೆಗೂ ತಡೆ.

ಖರ್ಚಿಗೆ ಅಂಜಬೇಡಿ. ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆಗೆ ಹದಿನೈದರ ಆಸುಪಾಸು ಬಂಧ ಬೇಕು. ಎರಡು ಚೀಲ ಸಿಮೆಂಟ್, ಐದಾರು ಕಿಲೋ ಸಳಿ ಸಾಕಾದೀತು. ಹೆಚ್ಚಿನ ಹಣ ಕೂಲಿಗೆ ಹೋಗುತ್ತದೆ. ತಾಳ್ಮೆಯ ಗೌಂಡಿಯನ್ನೇ ಹುಡುಕಿ, ಗುತ್ತಿಗೆಗಿಂತ ದಿನಗೂಲಿಗೆ ಒಪ್ಪಿಸಿ. ಅವಸರ ಈ ಕೆಲಸಕ್ಕೆ ಆಗದು. ಸಾಮಾನು ಉಮರ್ಗಾ, ನಿಲಂಗಾ, ಉದ್ಗೀರ್ ಮೂರೂ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ. ರಿಪೇರಿಯ ಸರಕಾರಿ ಮಾನಕ ಐಎಸ್ 13935. ಅದನ್ನು ಭಾರತೀಯ ಮಾನಕ ಬ್ಯೂರೋದ ಜಾಲತಾಣದಿಂದ ಇಳಿಸಿಕೊಂಡು ಎಂಜಿನಿಯರರಿಗೆ ತೋರಿಸಿ. ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಕೆಲಸ ಹಿಡಿಯಿರಿ, ಮುಂದಿನ ಮಳೆಗೆ ಮುಂಚೆ ಮುಗಿಸಿ.