ತಾರಸಿ ಕಟ್ಟಿಸುವಾಗ ಗುಬ್ಬಿ, ಅಳಿಲಿನ ಲೆಕ್ಕವೂ ಇರಲಿ

ಮಳೆ ನಂಬಿದ ರೈತನಿಗೆ ತಾರಸಿ ಎರಡನೇ ಕಣ ಇದ್ದ ಹಾಗೆ. ಶೇಂಗಾ, ಮೆಣಸಿನಕಾಯಿ, ಹುಣಸೆಹಣ್ಣು, ಸಂಡಿಗೆ ಒಣಗೋದು ಅಲ್ಲೇ, ಬೇಸಿಗೆಯಲ್ಲಿ ಮಲಗೋದೂ ಅಲ್ಲೇ. ಈಗೀಗ ಕುಡಿಯೋ ಮಳೆನೀರನ್ನೂ ಅಲ್ಲಿಂದ್ಲೇ ಹಿಡೀತೀವಿ. ಅದೇ ಜಾಗಕ್ಕೆ ಗುಬ್ಬಿ, ಗಿಳಿ, ಅಳಿಲು, ಮಂಗ, ಇಲಿ, ಇಲಿಯ ಹಿಂದೆ ಹಾವು ಬರ್ತವೆ. ಮೇಸ್ತ್ರಿ ಅಳತೆ ಹಾಕುವಾಗ ಇವು ಯಾವುವೂ ಲೆಕ್ಕಕ್ಕಿಲ್ಲ. ಮನೆ ಮುಗಿದ ಮೇಲೆ ಕೋಲು ಹಿಡಿದು ಓಡಿಸ್ತಾ ಕೂರ್ತೀವಿ.

ಮೊದಲು ನೀರಿನ ಮಾತು. ಸಾವಿರ ಚದರಡಿ ತಾರಸಿ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ನಮ್ಮ ಸೀಮೆಯಲ್ಲಿ ಇದು ಬಿಡೋ ಮಾತಲ್ಲ. ಆದರೆ ಹಕ್ಕಿ ಹಿಕ್ಕೆ ಅದರಲ್ಲಿ ಸೇರಿದರೆ ಕುಡಿಯೋದು ಹೇಗೆ? ಅದಕ್ಕೇ ಒಂದು ಮೂಲೆಯಲ್ಲಿ ಆರಡಿ ಜಾಗಕ್ಕೆ ಎರಡಿಂಚು ಎತ್ತರದ ಸಿಮೆಂಟ್ ಅಂಚು ಕಟ್ಟಿಸಿ, ಅಲ್ಲಿಯ ನೀರು ಬೇರೆ ಪೈಪಿನಲ್ಲಿ ನುಗ್ಗೆಗಿಡಕ್ಕೆ ಹೋಗಲಿ. ಹಕ್ಕಿಗೆ ಕಾಳು, ನೀರು ಆ ಮೂಲೆಯಲ್ಲೇ ಇಡಿ. ಹಾಗಂತ ಹಕ್ಕಿ ನಮ್ಮ ಗೆರೆ ದಾಟಲ್ಲ ಅಂತಲ್ಲ. ಮೊದಲ ಮಳೆ ನೀರನ್ನ ಹೊರಗೆ ಬಿಡೋಕೆ ಪೈಪಿಗೆ ಒಂದು ವಾಲ್ವ್ ಬೇಕೇ ಬೇಕು, ಕುಡಿಯೋದನ್ನ ಕಾಯಿಸಬೇಕು. ಪೈಪಿನ ಎರಡೂ ಬಾಯಿಗೆ ತಂತಿ ಜಾಲರಿ ಹಾಕಿದರೆ ಇಲಿ, ಹಾವು ಒಳಗಿಂದ ಹತ್ತಲ್ಲ. ಜಾಲರಿಗೆ ಎಲೆ ಕಟ್ಟಿಕೊಳ್ತದೆ, ಮಳೆಗೆ ಮುಂಚೆ ನೋಡಿಕೊಳ್ಳಿ.

ಹಕ್ಕಿಗೆ ಇಡೋ ನೀರು ಒರಟು ಮಣ್ಣಿನ ತಟ್ಟೆಯಲ್ಲಿ ಎರಡಿಂಚಿಗಿಂತ ಆಳ ಬೇಡ. ಒಂದೆರಡು ಕಲ್ಲು ಹಾಕಿದರೆ ಜೇನುಹುಳ ಕೂತು ಕುಡೀತವೆ. ದಿನಾ ಚೆಲ್ಲಿ ತಿಕ್ಕಿ ಇಡಿ. ನಿಂತ ತಿಳಿನೀರಿನಲ್ಲಿ ಡೆಂಗಿ ಸೊಳ್ಳೆ ಆಗೋಕೆ ವಾರ ಸಾಕು. ನೀರಿನ ಟ್ಯಾಂಕಿನ ಮುಚ್ಚಳ ತಂತಿಯಲ್ಲಿ ಬಿಗಿದಿರಲಿ. ಮಂಗ ಸಡಿಲ ಮುಚ್ಚಳ ಎತ್ತುತ್ತೆ, ಅಳಿಲು ಬಿದ್ದರೆ ನುಣುಪು ಗೋಡೆ ಹತ್ತಲಾರದು. ನಮ್ಮೂರಲ್ಲಿ ಒಂದು ಮನೆಯವರು ಅಳಿಲು ಸತ್ತ ನೀರನ್ನ ವಾಸನೆ ಬರೋವರೆಗೂ ಕುಡಿದಿದ್ದರು.

ಹಳೇ ಮಣ್ಣಿನ ಮಾಳಿಗೆಯ ತೊಲೆ, ಜಂತೆ ಸಂದಿಯಲ್ಲಿ ಗುಬ್ಬಿ ಗೂಡು ಕಟ್ತಿತ್ತು. ಆರ್‌ಸಿಸಿ ಬಂದ ಮೇಲೆ ಸಂದಿ ಎಲ್ಲಿದೆ? ಮೋಟುಗೋಡೆಯ ಹೊರಮೈಯಲ್ಲಿ, ಬಿಸಿಲು ತಾಗದ ಕಡೆ, ಒಂದೂಕಾಲು ಇಂಚು ತೂತಿನ ಗಡಿಗೆಯನ್ನ ಕಟ್ಟುವಾಗಲೇ ಹುದುಗಿಸಿ. ಗೊರವಂಕ ಅದರೊಳಗೆ ನುಗ್ಗಲಾರದು. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಕೊಡೋದು ಹುಳ.

ಒಣಹಾಕಿದ್ದಕ್ಕೆ ಮೀನುಬಲೆ ಸಡಿಲವಾಗಿ ಹೊದಿಸಬೇಡಿ, ಕಾಲು ಸಿಕ್ಕಿ ಹಕ್ಕಿ ಸಾಯ್ತವೆ. ಮೋಟುಗೋಡೆಗೆ ಕೊಕ್ಕೆ ಬಿಡಿಸಿಕೊಂಡು ಹಳೇ ತೆಳು ಸೀರೆಯನ್ನ ಒಂದಡಿ ಮೇಲೆ ಬಿಗಿಯಾಗಿ ಕಟ್ಟಿ. ಮೆಣಸಿನಕಾಯಿ ಖಾರ, ಗಿಳಿ ಮುಟ್ಟಲ್ಲ ಅನ್ನೋದು ಸುಳ್ಳು; ಹಕ್ಕಿಗೆ ಆ ಖಾರ ತಟ್ಟೋದೇ ಇಲ್ಲ. ಬಿತ್ತನೆ ಶೇಂಗಾ ಅಂತೂ ಕಾದ ಸಿಮೆಂಟಿನ ಮೇಲೆ ಬೇಡವೇ ಬೇಡ, ಮೊಳಕೆ ಕೆಡುತ್ತೆ.

ಗೂಬೆ ಕೂತರೆ ಅಪಶಕುನ ಅಂತಾರೆ. ಇಲಿ ತಿನ್ನೋ ಹಕ್ಕಿಯನ್ನ ನಾನಂತೂ ಓಡಿಸಲ್ಲ. ಮೂಲೆಯಲ್ಲಿ ಎತ್ತರದ ಕಂಬಕ್ಕೆ ಅಡ್ಡಮರ ಕಟ್ಟಿದರೆ ರಾತ್ರಿ ಕೂರೋಕೆ ಜಾಗ ಆಯ್ತು.

ಮಂಗಕ್ಕೆ ಮಾತ್ರ ಪೂರ್ತಿ ಉಪಾಯ ಇಲ್ಲ. ಬೇವಿನ ಕೊಂಬೆ ಸವರಿದರೂ ಪಕ್ಕದ ಮನೆಯಿಂದ ಹಾರಿ ಬರ್ತದೆ. ಅನ್ನ, ಬಾಳೆಹಣ್ಣು ಹಾಕಿ ರೂಢಿ ಮಾಡಿಸಬೇಡಿ. ತಾರಸಿಯ ಬಾಗಿಲಿಗೆ ಒಳಗಿಂದ ಚಿಲಕ ಇರಲಿ, ಒಣಗಿದ್ದನ್ನ ಅವತ್ತಿಂದವತ್ತೇ ಕೆಳಗಿಳಿಸಿ.