ದೇಶೀ ಕಾರೋ, ವಿದೇಶೀ ಕಾರೋ?

ಚಳ್ಳಕೆರೆಯ ಎಣ್ಣೆ ಗಿರಣಿಯ ಧಣಿಯಾಗಲಿ, ಮೊಳಕಾಲ್ಮೂರಿನ ರೇಷ್ಮೆ ವ್ಯಾಪಾರಿಯಾಗಲಿ, ಕಾರು ಕೊಳ್ಳಹೊರಟಾಗ ಮೊದಲು ವಿಚಾರಿಸಬೇಕಾದುದು ಬಣ್ಣವನ್ನಲ್ಲ, ಬಿಡಿಭಾಗ ಎಲ್ಲಿ ದೊರೆಯುವುದೆಂಬುದನ್ನು. ಸ್ವದೇಶಿಯೆಂದು ನಾವು ಹೆಮ್ಮೆಪಟ್ಟ ಅಂಬಾಸಿಡರ್ 1957ರಿಂದ 2014ರವರೆಗೆ ತಯಾರಾಯಿತು. ಅದರ ಅಚ್ಚು ಮಾತ್ರ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನದು! 1983ರ ಮಾರುತಿಯ ಬೆನ್ನಿಗಿದ್ದುದು ಜಪಾನಿನ ಸುಜುಕಿ. ಆದುದರಿಂದ ಕಾರಿನ ವಂಶಾವಳಿಯನ್ನು ಕೆದಕುವುದು ವ್ಯರ್ಥ.

ಹೊರನಾಡಿನಿಂದ ಸಿದ್ಧವಾಗಿಯೇ ಬರುವ ಕಾರು ನೋಡಲು ಬಲು ಸೊಗಸು. ಅದಕ್ಕಾಗಿ ಭಾರಿ ಸುಂಕ ತೆರುವವರೂ ಉಂಟು. ಆದರೆ ನಡುರಾತ್ರಿಯಲ್ಲಿ ಹೆರಿಗೆಯ ನೋವು ತಿನ್ನುತ್ತಿರುವ ಸೊಸೆಯನ್ನು ಮೊಳಕಾಲ್ಮೂರಿನಿಂದ ಬಳ್ಳಾರಿಗೆ ಕರೆದೊಯ್ಯುವಾಗ ಅದರ ಒಂದು ಸಣ್ಣ ಕೊಳವೆ ಒಡೆದರೆ? ಬದಲಿ ಕೊಳವೆ ಬೆಂಗಳೂರಿನಿಂದಲೋ ಕಡಲಾಚೆಯಿಂದಲೋ ಬರಬೇಕು. ಇಲ್ಲಿಯೇ ತಯಾರಾದ ಕಾರಾದರೆ, ರಾಂಪುರದ ಮೇಸ್ತ್ರಿಯನ್ನು ಎಬ್ಬಿಸಿದರೂ ಸಾಕು, ಕೈಗೆ ಸಿಕ್ಕ ಕೊಳವೆಯನ್ನು ಜೋಡಿಸಿ ಹೊರಡಿಸಿಯಾನು.