ಬೇರಿನ ವಾಸನೆ ಹಿಡಿದು ಹೊರಟವರು

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ದೇವದುರ್ಗ ಕಡೆಯ ರೈತರೊಬ್ಬರು ರೈಜೋಬಿಯಂ ಪಾಕೀಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ಸರ, ಇದನ್ನ ಬೆಲ್ಲದ ನೀರಾಗ ಕಲಸಿ ತೊಗರಿ ಬೀಜಕ್ಕ ಹಚ್ಚತೀವಿ. ಇದರೊಳಗಿನ ಜೀವಕ್ಕ ಕಣ್ಣಿಲ್ಲ, ಮೂಗಿಲ್ಲ. ಬೇರು ಯಾವ ಕಡಿ ಅದ ಅಂತ ಹ್ಯಾಂಗ ಗೊತ್ತಾಗತದ್ರಿ?”

ಇಂಥ ಪ್ರಶ್ನೆ ಸಿಕ್ಕ ದಿನ ನನಗೆ ಹಬ್ಬ. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವನ್ನು ಈ ಬ್ಯಾಕ್ಟೀರಿಯಾ ಗಿಡಕ್ಕೆ ಉಣಿಸುತ್ತದೆ ಎಂಬುದು ಶಾಲೆಯ ಪಾಠ. ಬೇರಿನ ಗಂಟಿನಿಂದ ಅದನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವರು ಹಾಲೆಂಡಿನ ಬೈಜರಿಂಕ್. ಆದರೆ ಅದು ಬೇರಿನ ತನಕ ಬರುವ ದಾರಿಯ ಕಥೆಯನ್ನು ಪಾಠ ಹೇಳುವುದಿಲ್ಲ. ನಿಜವಾದ ಸೊಗಸು ಇರುವುದೇ ಅಲ್ಲಿ.

ಮೂಗಿದೆ. ಮೆಂತ್ಯದ ಬೇರಿನಲ್ಲಿ ಮನೆ ಮಾಡುವ ಸೈನೋರೈಜೋಬಿಯಂ ಮೆಲಿಲೋಟಿ ಎಂಬ ಜಾತಿಯನ್ನು ವಿಜ್ಞಾನಿಗಳು ಚೆನ್ನಾಗಿ ಬಲ್ಲರು. ಅದರಲ್ಲಿ ಮೂಗಿನ ಕೆಲಸ ಮಾಡುವ ಎಂಟು ಗ್ರಾಹಕ ಪ್ರೋಟೀನುಗಳಿವೆ. ಒಂದು ಅಮೈನೋ ಆಮ್ಲದ ಸುಳಿವು ಹಿಡಿಯುತ್ತದೆ, ಇನ್ನೊಂದು ಕೋಲೀನ್, ಬೀಟೇಯ್ನ್‌ಗಳದ್ದು. ಮೊಳೆಯುವ ಬೀಜವೇ ಇವನ್ನು ಮಣ್ಣಿಗೆ ಸೋರಿಸುತ್ತದೆ.

ವಾಸನೆ ಸಿಕ್ಕಿತು, ಸರಿ. ದಿಕ್ಕು? ಒಂದೆರಡು ಮೈಕ್ರೋಮೀಟರ್ ಉದ್ದದ ಮೈಯಲ್ಲಿ ತಲೆಯ ಕಡೆ ವಾಸನೆ ಹೆಚ್ಚೋ ಬಾಲದ ಕಡೆ ಹೆಚ್ಚೋ ಎಂದು ತೂಗಿ ನೋಡಲು ಜಾಗವೇ ಸಾಲದು. ಅದಕ್ಕೆ ಬ್ಯಾಕ್ಟೀರಿಯಾ ಹಿಡಿದ ಉಪಾಯ ನೆನಪು! ರಾತ್ರಿ ಕರೆಂಟು ಹೋದಾಗ ಮಿರ್ಚಿ ಕರಿಯುವ ವಾಸನೆಯನ್ನೇ ಹಿಡಿದು ಅಂಗಡಿ ಹುಡುಕುವವನು ಏನು ಮಾಡುತ್ತಾನೆ? ಹತ್ತು ಹೆಜ್ಜೆ ಹಿಂದಿಗಿಂತ ಈಗ ಘಮ ಜಾಸ್ತಿಯಾಗಿದ್ದರೆ ಮುಂದೆ ಹೋಗುತ್ತಾನೆ, ಕಡಿಮೆಯಾಗಿದ್ದರೆ ತಿರುಗುತ್ತಾನೆ. ಇದೂ ಹಾಗೆಯೇ: ಕೆಲವು ಕ್ಷಣ ಹಿಂದಿನ ವಾಸನೆಯನ್ನು ಈಗಿನದರ ಜೊತೆ ಹೋಲಿಸುತ್ತದೆ. ಮೆದುಳಿಲ್ಲದ ಒಂದೇ ಜೀವಕೋಶ, ಅದಕ್ಕೂ ನಿನ್ನೆಯಲ್ಲದಿದ್ದರೂ ಈಗಷ್ಟೇ ಕಳೆದದ್ದರ ನೆನಪಿದೆ. ಇದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತಿದ್ದೆ.

ತಿರುಗುವ ರೀತಿ ಇನ್ನೂ ಚೆಂದ. ನಮ್ಮ ಕರುಳಿನ ಇ. ಕೋಲಿ ತನ್ನ ಚಾವಟಿಯಂಥ ಎಳೆಗಳನ್ನು ಉಲ್ಟಾ ತಿರುಗಿಸಿ, ಗಿರಕಿ ಹೊಡೆದು ದಿಕ್ಕು ಬದಲಿಸುತ್ತದೆ. ಮೆಂತ್ಯದ ಗೆಳೆಯನ ಎಳೆಗಳು ಉಲ್ಟಾ ತಿರುಗುವುದೇ ಇಲ್ಲ, ಯಾವಾಗಲೂ ಗಡಿಯಾರದ ಮುಳ್ಳಿನಂತೆಯೇ. ತಿರುಗಬೇಕೆಂದರೆ ಕೆಲವು ಎಳೆಗಳು ವೇಗ ತಗ್ಗಿಸುತ್ತವೆ, ಅಷ್ಟೇ. ಕೂರಿಗೆ ಹೊಡೆಯುವವರು ಬದುವಿನ ಹತ್ತಿರ ಬಲಗಡೆಯ ಎತ್ತಿನ ಹಗ್ಗ ಜಗ್ಗಿದಾಗ ಅದು ನಿಧಾನಿಸಿ, ಎಡಗಡೆಯದು ಮುಂದೆ ಹೆಜ್ಜೆ ಹಾಕಿ, ಜೋಡಿ ಬಲಕ್ಕೆ ಹೊರಳುವುದಿಲ್ಲವೇ? ಅದೇ ಜಾಣ್ಮೆ.

ಬೇರು ಮುಟ್ಟಿದ ಮೇಲಿನ ಮಾತುಕತೆ ಬೇರೆ. ಬೇರು ಸೂಸುವ ಫ್ಲೇವನಾಯ್ಡುಗಳು ಬ್ಯಾಕ್ಟೀರಿಯಾದ ಜೀನುಗಳನ್ನು ಎಬ್ಬಿಸುತ್ತವೆ, ಅದು ಪ್ರತಿಯಾಗಿ ತನ್ನ ಗುರುತಿನ ರಾಸಾಯನಿಕ ಕಳಿಸುತ್ತದೆ, ಬೇರುಕೂದಲು ಸುರುಳಿ ಸುತ್ತಿ ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಶೇಂಗಾದಲ್ಲಾದರೆ ಒಳಗೆ ಹೋಗುವ ದಾರಿ ಬೇರೆ: ಪಕ್ಕದ ಬೇರು ಒಡೆದು ಬರುವ ಬಿರುಕಿನಿಂದ.

ಹೀಗೆ ಕಷ್ಟಪಟ್ಟು ಬಂದ ಅತಿಥಿ ಕಟ್ಟಿದ ಗಂಟು ಕಂಡು ಹೊಲಕ್ಕೆ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಮಂತ್ರಿಸಿ ತಂದು ಕಟ್ಟಿದವರನ್ನು ಮಾನ್ವಿ ಕಡೆ ನೋಡಿದ್ದೇನೆ. ಸಿಟ್ಟು ಬರುತ್ತದೆ. ಗಂಟುರೋಗದ ಜಂತುಹುಳು ಇರಬಹುದೆಂಬ ಅನುಮಾನ ನ್ಯಾಯವಾದದ್ದು, ಅದನ್ನು ತೀರಿಸಿಕೊಳ್ಳಲು ಬೆರಳುಗುರು ಸಾಕು. ಅವತ್ತು ಅದೇ ಹೊಲದಲ್ಲಿ ಒಂದು ತೊಗರಿ ಗಿಡವನ್ನು ಮಣ್ಣು ಸಮೇತ ಅಗೆದು, ನೀರಲ್ಲಿ ಅದ್ದಿ ತೊಳೆದೆವು. ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದವು, ಉಗುರು ತಾಗಿಸಿದರೆ ಬಿಡಿಸಿಕೊಂಡು ಬಂದವು. ಹುಳುವಿನದಾಗಿದ್ದರೆ ಬೇರೇ ಉಬ್ಬಿರುತ್ತದೆ, ಗಂಟು ಬಿಡಿಸಲು ಬರುವುದಿಲ್ಲ. ಒಂದನ್ನು ಹಿಚುಕಿದೆ. ಒಳಗೆ ಮಾಂಸದಂಥ ಗುಲಾಬಿ ಬಣ್ಣ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ. ಹೊಲದ ಯಜಮಾನರು ಆ ಬೆರಳನ್ನೇ ಬಹಳ ಹೊತ್ತು ನೋಡಿದರು.

ದೇವದುರ್ಗದವರಿಗೆ ಕೊನೆಗೆ ಹೇಳಿದ್ದು ಇಷ್ಟು. ಈ ಜೀವಿಗೆ ಈಜಲು ಮಣ್ಣಿನ ಕಣಗಳ ನಡುವೆ ನೀರಿನ ಪದರ ಬೇಕು, ಆಗಲೂ ಅದರ ಓಡಾಟ ಕೆಲವು ಮಿಲಿಮೀಟರಿನದು. ಹೊಲದ ಮೂಲೆಯಿಂದ ನಡೆದು ಬರುವ ಶಕ್ತಿ ಅದಕ್ಕಿಲ್ಲ, ಅದಕ್ಕೇ ಬೀಜಕ್ಕೇ ಹಚ್ಚುವುದು. ಔಷಧಿಯ ಬೀಜೋಪಚಾರ ಇದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಹಚ್ಚಿದ ಬೀಜವನ್ನು ನಮ್ಮ ರಾಯಚೂರಿನ ಬಿಸಿಲಿಗೆ ಹರವಬೇಡಿ, ನೆರಳಲ್ಲಿ ಆರಿಸಿ, ಹಸಿ ಇರುವ ನೆಲದಲ್ಲಿ ಅಂದೇ ಬಿತ್ತಿ.